ಬಿಸಿ ಬಾನೆಟ್

ಬಾನೆಟ್ ಮೇಲೆ ಅಂಗೈ ಇಟ್ಟಿದ್ದೇ ತಡ, ಲೊರೇನಳಿಗೆ ಮೈಯೆಲ್ಲ ಉರಿದುಹೋಯಿತು. ಬಾನೆಟ್ ಬಿಸಿಯಾಗಿತ್ತು.

"ಮೋಸಗಾರ!" ಎಂದಳು. ಮೂರು ವಾರ ದಿನಾ ಸಂಜೆ ಫೋನಿನಲ್ಲಿ ಮಾತಾಡಿ, ಇವತ್ತು ಮೊದಲ ಸಲ ಎದುರಾದ ಗಂಡಸಿಗೆ ಅವಳು ಹೇಳಿದ ಮೊದಲ ಮಾತು ಅದು.

ಕರ್ಟಿಸ್ ಎರಡು ಲೋಟ ಕಾಫಿ ಹಿಡಿದು ತನ್ನ ಗ್ಯಾರೇಜಿನ ಬಾಗಿಲಲ್ಲಿ ನಿಂತಿದ್ದ. ಇಸ್ತ್ರಿ ಶರ್ಟು. ಆತುರದಲ್ಲಿ ಗಡ್ಡ ಹೆರೆದು ಗದ್ದಕ್ಕೆ ಮಾಡಿಕೊಂಡ ಗಾಯ. "ಕಾಫಿ..." ಎಂದ ಪಾಪ.

"ಕಾಫಿ ಮನೆ ಹಾಳಾಗ. ನಾನು ಬರೋ ಮುಂಚೆ ಇಂಜಿನ್ ಯಾಕ್ರೀ ಬಿಸಿ ಮಾಡಿದ್ರಿ? ಏನು ಮುಚ್ಚಿಡ್ತಿದ್ದೀರಾ?"

ಟೊಲೀಡೊ ಊರಿನ ಸುತ್ತಮುತ್ತ ಈ ಹಳೇ ಕಾರುಗಳ ಹುಚ್ಚು ಹಿಡಿದವರಲ್ಲಿ ಒಂದು ಮರ್ಯಾದೆಯಿದೆ. ಕೊಳ್ಳುವವರು ಬರುವ ದಿನ ಮಾರುವವನು ಇಂಜಿನ್ ಮುಟ್ಟುವಂತಿಲ್ಲ. ತಣ್ಣಗೆ ಮಲಗಿದ ಇಂಜಿನ್ ಅವರ ಕಣ್ಣೆದುರೇ ಎದ್ದು ಕೆಮ್ಮಬೇಕು. ಹೊಗೆಯ ಬಣ್ಣ, ಒಳಗಿನ ಕಟಕಟ ಎಲ್ಲ ಆಗಲೇ ಬಯಲಾಗುವುದು. ಮೊದಲೇ ಬಿಸಿ ಮಾಡಿಟ್ಟವನು ಕಳ್ಳ ಎಂದೇ ಲೆಕ್ಕ.

ಫೋನಿನಲ್ಲಿ ಅರಳು ಹುರಿದಂತೆ ಮಾತಾಡುತ್ತಿದ್ದವನು ಈಗ ತಡವರಿಸಿದ. "ಒಂದು ರೌಂಡ್ ಹೋಗ್ಬಂದೆ. ನದೀವರೆಗೆ. ಇವತ್ತು ನೀವು ತಗೊಂಡು ಹೋಗ್ಬಿಡ್ತೀರಲ್ಲ, ಅದಕ್ಕೆ..."

"ಅಳ್ತಿದ್ರಾ ಹಾಗಾದ್ರೆ?"

"ಸ್ವಲ್ಪ," ಎಂದ ಕರ್ಟಿಸ್, ಕಾಫಿ ನೋಡುತ್ತ.

ಅವಳಿಗೆ ನಗು ಬಂತು. ತುಟಿ ಕಚ್ಚಿಕೊಂಡಳು. ಕದ್ದು ನೋಡಿದ ಅವನ ಕಣ್ಣು ಅದನ್ನೂ ನೋಡಿಬಿಟ್ಟಿತು.

ಆ ಕಾರಿಗೆ ಅಳುವುದು ತಪ್ಪೇನಲ್ಲ. 1970ರ ಶೆವೆಲ್, ಕಡುನೀಲಿ, ಬೆನ್ನುದ್ದಕ್ಕೂ ಎರಡು ಬಿಳಿ ಪಟ್ಟೆ. ಲೊರೇನಳ ಅಪ್ಪ ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಬೋಲ್ಟು ಬೋಲ್ಟು ಬಿಗಿದು ಕಟ್ಟಿದ ಕಾರು. ಏಳು ವರ್ಷದ ಹಿಂದೆ ಅವಳು ವಿಚ್ಛೇದನ ಕೇಳಿದ ದಿನ ಗಂಡ ವೇಡ್ ದೊಡ್ಡ ಸುತ್ತಿಗೆ ತಂದಿದ್ದ. ಎಡಗೈಯಲ್ಲಿ ಅವಳ ಜುಟ್ಟು ಹಿಡಿದು, ಬಲಗೈಯಲ್ಲಿ ಕಾರು ಜಜ್ಜಿದ್ದ. "ನೋಡೇ, ನೋಡು," ಎನ್ನುತ್ತ ಗಾಜಿನಿಂದ ಗಾಜಿಗೆ ಎಳೆದಾಡಿದ್ದ. ಮರುದಿನವೇ ಅದನ್ನು ಗುಜರಿಗೆ ಹಾಕಿದ. ಅಪ್ಪ ಆ ಚಳಿಗಾಲವೇ ತೀರಿಕೊಂಡ.

ಆ ಕಾರನ್ನು ಗುಜರಿಯಿಂದ ತಂದು, ಐದು ವರ್ಷ ಕೂತು ಮತ್ತೆ ಕಟ್ಟಿದವನು ಕರ್ಟಿಸ್. ಮೂರು ವಾರದ ಹಿಂದೆ ಜಾಹೀರಾತು ಕಂಡು ಅವಳು ಅವನಿಗೆ ಫೋನ್ ಮಾಡಿದ್ದಳು. "ಗ್ಲವ್ ಬಾಕ್ಸ್ ಒಳಗೆ ಏನಾದ್ರೂ ಕೆತ್ತಿದೆಯಾ?" ಅವನು, "ಲೊರೇನ್, ಎಂಟು ವರ್ಷ, ಅಂತಿದೆ. ಪೇಂಟ್ ಹೊಡೆಯೋಕೆ ಮನಸ್ಸು ಬರ್ಲಿಲ್ಲ. ನಿಮ್ಮ ಹೆಸರೇನು?" ಎಂದಿದ್ದ. ಅವಳು ಬಿಕ್ಕಿದ್ದಳು.

ಈಗ ಅವಳು ಲೋಟಕ್ಕೆ ಕೈ ಚಾಚುವಷ್ಟರಲ್ಲಿ ಒಂದು ಪಿಕಪ್ ಟ್ರಕ್ಕು ನುಗ್ಗಿ ಬಂದು ಅಂಗಳದ ಬಾಯಿಗೆ ಅಡ್ಡ ನಿಂತಿತು. ಇಳಿದವನು ವೇಡ್. ಕೈಯಲ್ಲಿ ಸುತ್ತಿಗೆ. ಬೆಳಿಗ್ಗೆಯಿಂದ ಅವಳ ಬೆನ್ನು ಹತ್ತಿದ್ದ ಪಾಪಿ.

"ಹೊಸ ಗಂಡನಾ? ಇಲ್ಲಾ ಹಳೇ ಕಾರಾ? ಯಾವುದನ್ನ ಮೊದ್ಲು ಪುಡಿ ಮಾಡ್ಲಿ?"

"ವೇಡ್, ಹೋಗಿಬಿಡು," ಎಂದಳು. ಅವಳ ದನಿ ಏಳು ವರ್ಷ ಹಿಂದಕ್ಕೆ ಹೋಗಿತ್ತು.

ಸುತ್ತಿಗೆ ಮೊದಲು ಕಾರಿನ ಮುಂಗಾಜಿಗೆ ಎದ್ದಿತು. ಕರ್ಟಿಸ್ ಬಿಸಿ ಕಾಫಿಯನ್ನು ವೇಡನ ಮುಖಕ್ಕೆ ಎರಚಿ ಅಡ್ಡ ಬಿದ್ದ. ಏಟು ಕರ್ಟಿಸನ ಎಡಗೈಗೆ ಬಿತ್ತು. ಎಲುಬು ಮುರಿದ ಸದ್ದು ಲೊರೇನಳಿಗೆ ಕೇಳಿಸಿತು. ವೇಡನ ಬೂಟುಗಾಲಿನ ಒದೆತಕ್ಕೆ ಅವನು ಗ್ಯಾರೇಜಿನ ಗೋಡೆಗೆ ಹೋಗಿ ಬಡಿದ. ಬಾಯಿಂದ ರಕ್ತ ಇಳಿದು ಇಸ್ತ್ರಿ ಶರ್ಟು ತೊಯ್ದಿತು. ಲೊರೇನ್ ವೇಡನ ಬೆನ್ನೇರಿ ಕಿವಿ ಕಚ್ಚಿದಳು. ಬಾಯಿಗೆ ರಕ್ತದ ಉಪ್ಪು ಬಂತು. ಅವನು ಕೊಡವಿ ಎಸೆದ. ಕಾರಿನ ಬಾಗಿಲಿಗೆ ಬಡಿದು ಬಿದ್ದವಳು ತಲೆಯೆತ್ತಿ ನೋಡಿದಾಗ ಸುತ್ತಿಗೆ ಕರ್ಟಿಸನ ತಲೆಯ ಮೇಲೆ ಏಳುತ್ತಿತ್ತು.

ಕೀಲಿ ಕಾರಿನಲ್ಲೇ ಇತ್ತು.

ತಣ್ಣಗಿದ್ದರೆ ಅದು ಒಂದೇ ಸಲಕ್ಕೆ ಹೊತ್ತಿಕೊಳ್ಳುವ ಗಾಡಿಯಲ್ಲ. ಪೆಡಲ್ ಮೂರು ಸಲ ಒತ್ತಬೇಕು, ಕಾಯಬೇಕು, ಬೈಯಬೇಕು. ಅವಳು ಒಳಗೆ ಹಾರಿ ಕೀಲಿ ತಿರುಗಿಸಿದಳು. ಒಂದೇ ಸಲಕ್ಕೆ ಇಂಜಿನ್ ಅಬ್ಬರಿಸಿತು.

ವೇಡ್ ತಿರುಗಿದ. ಕರ್ಟಿಸನನ್ನು ಬಿಟ್ಟು, ಕಾರಿಗೂ ತನ್ನ ಪಿಕಪ್ಪಿಗೂ ನಡುವೆ ಬಂದು ಸೆಟೆದು ನಿಂತ. "ಗುದ್ದೇ ನೋಡೋಣ! ನಿಮ್ಮಪ್ಪನ ಕಾರಿಗೆ ಗೀರು ಬಿದ್ರೆ ಪ್ರಾಣ ಬಿಡೋಳು ನೀನು. ಧೈರ್ಯ ಇದೆಯಾ?"

ಬಯಸಿ ಬಂದದ್ದು ಈ ಕಾರೊಂದನ್ನೇ. ಅವಳು ಗೋಡೆಯ ಬುಡದಲ್ಲಿ ಬಿದ್ದಿದ್ದ ಕರ್ಟಿಸನನ್ನು ಒಮ್ಮೆ ನೋಡಿದಳು. "ಅಪ್ಪಾ, ತಪ್ಪು ತಿಳ್ಕೋಬೇಡ," ಎಂದು ಪೆಡಲನ್ನು ನೆಲಕ್ಕೆ ತುಳಿದಳು.

ವೇಡ್ ಕೊನೇ ಕ್ಷಣದಲ್ಲಿ ಜಿಗಿದ. ಸಾಲಲಿಲ್ಲ. ಬಂಪರು ಅವನ ಮಂಡಿ ಮುರಿದು ಆಚೆಗೆಸೆಯಿತು. ಶೆವೆಲ್ ಪಿಕಪ್ಪಿನ ಹೊಟ್ಟೆಗೆ ಹೊಕ್ಕು, ಬಾನೆಟ್ ಮುದುಡಿ, ಬುಸ್ಸೆಂದು ಹಬೆಯುಗುಳಿ ನಿಂತಿತು. ವೇಡ್ ಕಲ್ಲುಪುಡಿಯ ಮೇಲೆ ಉರುಳಾಡಿ ಅರಚುತ್ತಿದ್ದ. ಸುತ್ತಿಗೆಯನ್ನು ಅವಳೇ ಎತ್ತಿ ದೂರ ಎಸೆದಳು. ಪಕ್ಕದ ಮನೆಯವರು ಪೊಲೀಸರಿಗೆ ಫೋನ್ ಮಾಡುತ್ತಿದ್ದರು.

ಅವಳು ಕುಂಟುತ್ತ ಹೋಗಿ ಕರ್ಟಿಸನ ಪಕ್ಕ ಕುಸಿದಳು. "ನಿನ್ನ ಐದು ವರ್ಷದ ಕೆಲಸ... ಹಾಳು ಮಾಡ್ಬಿಟ್ಟೆ ಕಣೋ."

"ಒಂದೇ ಸಲಕ್ಕೆ ಸ್ಟಾರ್ಟ್ ಆಯ್ತು, ನೋಡ್ದಾ?" ಎಂದ, ಒಂದು ಹಲ್ಲು ಕಡಿಮೆಯಾದ ಬಾಯಲ್ಲಿ. "ಬಿಸಿ ಇತ್ತಲ್ಲ."

ಅವಳಿಗೆ ಅಳುವೂ ನಗುವೂ ಒಟ್ಟಿಗೇ ಬಂದವು. "ಮಾರೋಕೇ ಮನಸ್ಸಿಲ್ದೆ ಜಾಹೀರಾತು ಯಾಕೆ ಹಾಕ್ದೆ ಮತ್ತೆ?"

"ಎರಡು ವರ್ಷದಿಂದ ಹಾಕ್ತಿದೀನಿ. ಹದಿನೇಳು ಜನ ಕೇಳಿದ್ರು, ಎಲ್ಲರನ್ನೂ ಸಾಗಹಾಕ್ದೆ. ಗ್ಲವ್ ಬಾಕ್ಸ್ ಬಗ್ಗೆ ಕೇಳ್ದೋಳು ನೀನೊಬ್ಬಳೇ." ಉಸಿರು ಎಳೆದುಕೊಂಡ. "ಆ ಎಂಟು ವರ್ಷದ ಹುಡುಗಿ ಈಗೆಲ್ಲಿದಾಳೆ, ಹೇಗಿದಾಳೆ ಅಂತ ನೋಡ್ಬೇಕಿತ್ತು. ಮೂರು ವಾರ ಮಾತಾಡಿದ್ಮೇಲೆ ಬರೀ ನೋಡಿದ್ರೆ ಸಾಕಾಗಲ್ಲ ಅನ್ನಿಸ್ತು."

ಅವಳು ಎದ್ದು ಹೋಗಿ ಸೀಳಿದ ಮುಂಗಾಜಿನ ಹಿಂದಿದ್ದ ದಪ್ಪ ರಟ್ಟಿನ ಬೋರ್ಡು ಕಿತ್ತುತಂದಳು. ಅವನ ಮುರಿದ ಕೈಯ ಸುತ್ತ ಅದನ್ನು ಬಾಗಿಸಿ, ತನ್ನ ಸ್ಕಾರ್ಫಿನಿಂದ ಮೆತ್ತಗೆ ಕಟ್ಟಿದಳು. 'ಮಾರಾಟಕ್ಕಿದೆ' ಎಂಬ ಕೆಂಪು ಅಕ್ಷರಗಳು ಹೊರಕ್ಕೆ ಬಂದವು.

"ಅಕ್ಷರ ಒಳಗೆ ಮಾಡಿ ಕಟ್ಬಾರ್ದಿತ್ತಾ? ಆಂಬ್ಯುಲೆನ್ಸ್‌ನೋರು ನಗ್ತಾರೆ."

"ನಗ್ಲಿ," ಎಂದಳು ಲೊರೇನ್, ಅವನ ಗದ್ದದ ರಕ್ತ ಒರೆಸುತ್ತ. "ಕೊಂಡ್ಕೊಂಡೋಳು ನಾನೇ ಅಂತ ಹೇಳ್ತೀನಿ."