ದಬ್ಬಣ ಹಿಡಿದ ಕೈ

ಹಾಸನದ ಮನೆಯ ಹಜಾರದಲ್ಲಿ ನಾನು ಟಿವಿ ವಾರ್ತೆಯವನ ದನಿಯನ್ನು ಅನುಕರಿಸುತ್ತಾ ಪೇಪರನ್ನು ಗಟ್ಟಿಯಾಗಿ ಓದುತ್ತಿದ್ದೆ. ಶಾಂತಿಗ್ರಾಮದ ಆಲೂಗೆಡ್ಡೆ ಮಂಡಿಯಲ್ಲಿ ಗಂಡು-ಹೆಣ್ಣಿನ ಕೂಲಿ ತಾರತಮ್ಯದ ಬಗ್ಗೆ ಸಂಶೋಧನೆ ಮಾಡುತ್ತಿದ್ದ ದೀಪಶ್ರೀಯ ಕೊಲೆ. ಗೋಣಿ ಹೊಲಿಯುವ ದಬ್ಬಣ ಕತ್ತಿನ ಒಂದು ಕಡೆ ಹೊಕ್ಕು ಇನ್ನೊಂದು ಕಡೆ ಇಣುಕಿತ್ತು. ಹೊಲಿಯುವ ಆಳು ಬೈರಯ್ಯನ ಚೀಲದಲ್ಲಿ ರಕ್ತ ಮೆತ್ತಿದ ಅವಳ ವೇಲು. ತಲೆಯೆತ್ತಿದರೆ ಬಾಗಿಲಲ್ಲಿ ಬೈರಯ್ಯನ ಹೆಂಡತಿ ಮಲ್ಲಿಗಮ್ಮ. ನಾನು ಪೇಪರ್ ಮಡಚಿಟ್ಟೆ.

"ನನ್ ಗಂಡನ್ನ ಪೊಲೀಸ್ನೋರು ಒಡ್ದು ಒಡ್ದು ಒಪ್ಪುಸ್ತಾವ್ರೆ ಕಣವ್ವ. ಎಲ್ಡು ಅಲ್ಲು ಉದುರೋಗವೆ. ನಾಳೆ ಕೋರ್ಟಂತೆ."

ನಾನು ಬಾಡಿಗೆಗಿದ್ದ ಮನೆಯ ಒಡತಿ ಕಾಮಾಕ್ಷಮ್ಮ, ಕಾರ್ಮಿಕ ಇಲಾಖೆಯ ನಿವೃತ್ತ ನಿರೀಕ್ಷಕಿ, ಮಲ್ಲಿಗಮ್ಮನ ಅಂಗೈ ನೋಡುತ್ತಿದ್ದರು. ಅದಕ್ಕೊಂದು ತೊಗಲಿನ ತುಂಡು ಕಟ್ಟಿಕೊಂಡಿದ್ದಳು.

"ಇದ್ಯಾಕಮ್ಮ?"

"ಮಂಡಿ ಕೆಲ್ಸಕ್ಕೆ." ಕೈ ಸೆರಗಿನೊಳಗೆ ಹೋಯಿತು.

ದೀಪಶ್ರೀಯ ರೂಮಿನಲ್ಲಿ ಪೊಲೀಸರು ಬಿಟ್ಟುಹೋಗಿದ್ದ ಒಂದು ನೋಟ್‌ಬುಕ್ ಎತ್ತಿಕೊಂಡು ನಾನೂ ಕಾಮಾಕ್ಷಮ್ಮನೂ ಅವಳ ಸಂಶೋಧನೆಯ ಮಾರ್ಗದರ್ಶಕ ಪ್ರೊಫೆಸರ್ ಪೃಥ್ವಿರಾಜ್ ಬಳಿಗೆ ಹೋದೆವು. ಅವರ ಬಲ ಅಂಗೈಗೆ ಬ್ಯಾಂಡೇಜು.

"ಮಾವಿನಕಾಯಿ ಹೆಚ್ಚಲು ಹೋದೆ. ಹೆಣ್ಣುಮಕ್ಕಳ ಕೆಲಸ ಎಷ್ಟು ಕಷ್ಟ, ನೋಡಿ. ಆ ಮಂಡಿಯಲ್ಲಿ ಮೂರು ತಿಂಗಳಿದ್ದು ವರದಿ ಬರೆದವನು ನಾನು. ಹೆಂಗಸರು ಆರಿಸುತ್ತಾರೆ, ಗಂಡಸರು ಹೊಲಿಯುತ್ತಾರೆ. ಕೂಲಿಯ ವ್ಯತ್ಯಾಸ ಹುಟ್ಟುವುದೇ ಅಲ್ಲಿ."

ಬಸ್ಸಿನಲ್ಲಿ ನಾನು ಅವರ ದನಿಯಲ್ಲೇ ಅದನ್ನು ಒಪ್ಪಿಸಿದೆ. ಕಾಮಾಕ್ಷಮ್ಮ ನಗಲಿಲ್ಲ. "ಇನ್ನೊಂದ್ಸಲ ಹೇಳು," ಎಂದರು.

ಸಂಜೆ ಕಾಮಾಕ್ಷಮ್ಮನ ಕೋರಿಕೆಯಂತೆ ಎಲ್ಲರೂ ಮಂಡಿಯಲ್ಲಿ ಸೇರಿದೆವು: ಮಾಲೀಕ ಪುಟ್ಟರಾಜು, ಪ್ರೊಫೆಸರ್, ಇನ್‌ಸ್ಪೆಕ್ಟರ್, ಮಲ್ಲಿಗಮ್ಮ, ಬೇಡಿ ತೊಟ್ಟ ಬೈರಯ್ಯ. ಅವನ ಮುಖ ಆಲೂಗೆಡ್ಡೆಯಂತೆ ಊದಿತ್ತು.

"ಬೈರಯ್ಯ, ಈ ಮೂಟೆ ಹೊಲಿಯಪ್ಪ," ಎಂದರು ಕಾಮಾಕ್ಷಮ್ಮ.

ಇನ್‌ಸ್ಪೆಕ್ಟರ್ ಅವನ ಬಲಗೈಯ ಬೇಡಿ ಬಿಚ್ಚಿದರು. ಅವನು ದಬ್ಬಣ ಹಿಡಿದ, ಎರಡು ಸಲ ಬೀಳಿಸಿದ, ತನ್ನ ಬೆರಳಿಗೇ ಚುಚ್ಚಿಕೊಂಡ. ಮಲ್ಲಿಗಮ್ಮ ಕಸಿದುಕೊಂಡು ಕಣ್ಣುಮುಚ್ಚಿ ತೆರೆಯುವುದರೊಳಗೆ ಮೂಟೆಯ ಬಾಯಿ ಹೊಲಿದಳು.

"ನಾನ್ ಒಲಿದ್ರೆ ದಿನುಕ್ಕೆ ಮುನ್ನೂರೈವತ್ತು, ಇವ್ರ ಎಸ್ರಲ್ಲಿ ಒಲಿದ್ರೆ ಆರ್ನೂರು. ಅದ್ಕೇ ಇಬ್ರೂ ಬಾಯಿ ಬಿಡ್ನಿಲ್ಲ ಕಣವ್ವ."

"ಇಲ್ಲಿ ಒಂದು ಗಂಟೆ ಇದ್ದವರಿಗೂ ಇದು ಗೊತ್ತಾಗುತ್ತದೆ," ಎಂದರು ಕಾಮಾಕ್ಷಮ್ಮ. "ಮಂಡಿಯವರು ಕೊಂದು ಹೊಲಿಯುವವರ ತಲೆಗೆ ಕಟ್ಟುವುದಾಗಿದ್ದರೆ ವೇಲು ಮಲ್ಲಿಗಮ್ಮನ ಚೀಲಕ್ಕೆ ಬೀಳುತ್ತಿತ್ತು. ಮಲ್ಲಿಗಮ್ಮನೇ ಕೊಂದಿದ್ದರೆ ಗಂಡನ ಚೀಲಕ್ಕೆ ಹಾಕುತ್ತಿರಲಿಲ್ಲ. ಗಂಡಸರೇ ಹೊಲಿಯುತ್ತಾರೆಂದು ನಂಬಿದವರು ಒಬ್ಬರೇ. ಇನ್ನು ದಬ್ಬಣಕ್ಕೆ ಹಿಡಿ ಇಲ್ಲ. ಬಲವಾಗಿ ತಳ್ಳಿದರೆ ಹಿಂದಿನ ತುದಿ ತಳ್ಳಿದವರ ಅಂಗೈಗೇ ನುಗ್ಗುತ್ತದೆ. ಅದಕ್ಕೇ ಹೊಲಿಯುವವರು ತೊಗಲು ಕಟ್ಟುವುದು. ಪುಟ್ಟರಾಜು, ಬೈರಯ್ಯ, ಇಬ್ಬರ ಅಂಗೈಯೂ ಸರಿಯಿದೆ. ಪ್ರೊಫೆಸರೇ, ಬ್ಯಾಂಡೇಜು ಬಿಚ್ಚಿ."

ದೀಪಶ್ರೀಯ ನೋಟ್‌ಬುಕ್ಕಿನ ಕೊನೆಯ ಸಾಲುಗಳನ್ನು ನಾನು ಓದಿದೆ, ನನ್ನ ಸ್ವಂತ ದನಿಯಲ್ಲೇ: "ಇಲ್ಲಿ ಹೊಲಿಯುವವರು ಹೆಂಗಸರು. ಸರ್ ಇಲ್ಲಿಗೆ ಬಂದೇ ಇಲ್ಲ, ಅವರ ವರದಿಯ ಸಂದರ್ಶನಗಳೆಲ್ಲ ಸೃಷ್ಟಿ. ನಾಳೆ ಮಂಡಿಯ ಕೆಲಸ ಮುಗಿದ ಮೇಲೆ ಅವರನ್ನು ಇಲ್ಲಿಗೇ ಕರೆಸಿ ಕೇಳುತ್ತೇನೆ."

ಕ್ಷೇತ್ರಕಾರ್ಯವಲ್ಲ, ಅದು ಕುರ್ಚಿಕಾರ್ಯ ಎಂದು ನಾನು ಸೇರಿಸುವಷ್ಟರಲ್ಲಿ ಪೃಥ್ವಿರಾಜ್ ಮಲ್ಲಿಗಮ್ಮನ ಕೈಯ ದಬ್ಬಣ ಕಿತ್ತು ಅವಳ ಕತ್ತಿಗೆ ಎರಗಿದ. ಬೈರಯ್ಯನ ಬೇಡಿ ಪ್ರೊಫೆಸರನ ಮಣಿಕಟ್ಟಿಗೆ ಬಡಿಯಿತು. ಮೂಳೆ ಲಟಕ್ಕೆಂದಿತು. ಬಿದ್ದವನ ಬ್ಯಾಂಡೇಜು ಕಳಚಿತ್ತು. ಅಂಗೈ ನಡುವೆ ದುಂಡನೆಯ ಒಂದೇ ತೂತು, ಕೀವು ತುಂಬಿತ್ತು.

ಇನ್‌ಸ್ಪೆಕ್ಟರ್ ಬೇಡಿಯನ್ನು ಬೈರಯ್ಯನ ಕೈಯಿಂದ ಬಿಚ್ಚಿ ಪೃಥ್ವಿರಾಜನ ಕೈಗೆ ತೊಡಿಸಿದರು. ಪೇದೆ ಮಲ್ಲಿಗಮ್ಮನ ಹೇಳಿಕೆ ಬರೆಯಲು ಕುಳಿತು, ಕಸುಬು ಕೇಳದೆಯೇ 'ಸಹಾಯಕಿ' ಎಂದು ಬರೆದ.

ಅವಳು ಆ ಪದದ ಮೇಲೆ ಬೆರಳಿಟ್ಟು ಪುಟ್ಟರಾಜುವನ್ನೇ ನೋಡುತ್ತಾ ಹೇಳಿದಳು:

"ಅದ್ನ ಒಡ್ದಾಕಿ ಸಾ. ಮೂಟೆ ಒಲಿಯೋಳು ಅಂತ ಬರ್ಕೊಳಿ."