ಕಡಿಮೆ ಹೇಳಿದ ತೂಕ

“ತೂಕಕ್ಕ ಇಡಬ್ಯಾಡ್ರಿ!”

ಆ ಕೂಗಿಗೆ ದಾಕ್ಷಾಯಿಣಿ ಬೆಚ್ಚಿದಳು. ಪಶು ಆಸ್ಪತ್ರೆಗೆ ಡಾಕ್ಟರಾಗಿ ಬಂದು ಇನ್ನೂ ಹದಿನೈದು ದಿನ, ಅಷ್ಟರಲ್ಲೇ ಇಂಥವನೊಬ್ಬ ಗಂಟು ಬಿದ್ದಿದ್ದ! ಎರಡು ತಿಂಗಳ ಮುಧೋಳ ಬೇಟೆನಾಯಿ ಮರಿಯನ್ನು ಟವೆಲ್ಲಿನಲ್ಲಿ ಸುತ್ತಿ ತಂದಿದ್ದ. ಸೂಜಿಗೆ ತಕರಾರಿಲ್ಲ. ತಕ್ಕಡಿ ಕಂಡದ್ದೇ ತಡ, ಮರಿಯನ್ನು ಕಸಿದು ಎದೆಗವುಚಿಕೊಂಡ.

“ಯಾಕ? ಉಪಾಸ ಕೆಡವಿದ್ದು ಗೊತ್ತಾಗ್ತೈತಿ ಅಂತೇನು?”

“ಉಪಾಸಾ? ಬಾಯಾರ, ಇದು ಬೇಟಿ ನಾಯಿ. ಎಲಬು ಎಣಸೂವಂಗ ಇದ್ರನ ಚೆಂದ. ಎಮ್ಮಿ ಕರಾ ಅಲ್ಲ.”

“ಅಷ್ಟು ನನಗೂ ಗೊತ್ತೈತಿ. ಆದ್ರ ಎಷ್ಟು ಸಣ್ಣ ಇರಬೇಕು ಅನ್ನೂದನ್ನ ತಕ್ಕಡಿ ಹೇಳಬೇಕು, ನೀವಲ್ಲ!”

ಅವನು ನಕ್ಕುಬಿಟ್ಟ. ಹೆಸರು ಲಗಮಣ್ಣ, ಹಳ್ಳಿಯಲ್ಲಿ ಹಿಟ್ಟಿನ ಗಿರಣಿ. ಹುಬ್ಬಿನ ಮೇಲೆಲ್ಲ ಜೋಳದ ಹಿಟ್ಟು ಕೂತಿತ್ತು. ಬೈಯಬೇಕೆಂದು ಬಾಯಿ ತೆರೆದವಳಿಗೆ ಆ ನಗೆಯ ಮುಂದೆ ಮಾತೇ ಮರೆತುಹೋಯಿತು... ಇದೇನು ಹೀಗೆ!

“ನಮ್ಮ ಗಿರಣ್ಯಾಗ ಕಾಟಾ ಐತ್ರಿ. ಐತವಾರಕ್ಕೊಮ್ಮೆ ತೂಗಿ ಫೋನ್ ಮಾಡ್ತೀನಿ. ಆಯ್ತಲ್ಲ?”

ಹೀಗೆ ಶುರುವಾಯಿತು.

ಪ್ರತಿ ಭಾನುವಾರ ಅವನ ಫೋನು. ಮೊದಲು ತೂಕದ ಮಾತು ಅರ್ಧ ನಿಮಿಷ, ಆಮೇಲೆ ಲೋಕದ ಮಾತು ಒಂದು ತಾಸು. ಅವನು ಗಿರಣಿಗೆ ಬರುವ ಹೆಂಗಸರ ಜಗಳ ಹೇಳಿದರೆ, ಅವಳು ಹೋರಿಯಿಂದ ಒದೆಸಿಕೊಂಡದ್ದನ್ನು ಹೇಳುತ್ತಿದ್ದಳು. ಶನಿವಾರ ಸಂಜೆಯಿಂದಲೇ ಅವಳಿಗೆ ಊಟ ರುಚಿಸುತ್ತಿರಲಿಲ್ಲ. ಪ್ರೀತಿ ಎಂದು ಇಬ್ಬರೂ ಬಾಯಿಬಿಟ್ಟು ಹೇಳಲಿಲ್ಲ. ಹೇಳುವುದು ಇನ್ನೇನಿತ್ತು!

ಚಿಂತೆಯೊಂದೇ, ಮರಿಯದು. ಯಾವ ವಯಸ್ಸಿಗೆ ಎಷ್ಟು ತೂಕವೆಂಬ ಗೆರೆ ಅವಳ ವಹಿಯಲ್ಲಿ ಮೇಲೇರುತ್ತಿತ್ತು, ಲಗಮಣ್ಣ ಹೇಳಿದ ತೂಕ ಕೆಳಗೇ ತೆವಳುತ್ತಿತ್ತು.

“ಕಮ್ಮಿ ಆಗೇತ್ರಿ. ಹಾಲು ಹೆಚ್ಚು ಮಾಡ್ರಿ,” ಎಂದಳು. ಆಮೇಲೆ ಎರಡು ತತ್ತಿ. ಆಮೇಲೆ ಎಲುಬಿಗೆಂದು ಸುಣ್ಣದಂಶದ ಪುಡಿ. “ಒಂದ್ಸಲ ತಂದು ತೋರಸ್ರೀ” ಎಂದಾಗಲೆಲ್ಲ ಅವನದು ಒಂದೇ ನೆಪ, ಗಿರಣಿ ಬಿಟ್ಟು ಬರಲು ಆಗದು. ಫೋಟೋ ಕೇಳಿದರೆ ಮಾತು ಮರೆಸುತ್ತಿದ್ದ.

ಮರಿಗೆ ಐದು ತಿಂಗಳಾದಾಗ, ಒಂದು ಮಧ್ಯಾಹ್ನ, ಅವನೇ ಮರಿಯನ್ನು ಹೊತ್ತುಕೊಂಡು ಓಡಿ ಬಂದ. ಮುಖ ಬಿಳಿಚಿತ್ತು.

“ಬಾಯಾರ... ತಿಪ್ಪಿ ಏಳವಲ್ಲದ್ರಿ!”

ತಿಪ್ಪಿ ಎಂದರೆ ಅದೇ ಮರಿ. ಮುಂಗಾಲೆರಡೂ ಬಿಲ್ಲಿನಂತೆ ಬಾಗಿದ್ದವು. ಮೈ ಮಾತ್ರ ಗುಂಡಗೆ, ಬೆರಳಿಟ್ಟರೆ ಎಲುಬೇ ಸಿಗದು. ದಾಕ್ಷಾಯಿಣಿ ಅವನನ್ನು ಕೇಳದೆಯೇ ಮರಿಯನ್ನು ತಕ್ಕಡಿಗಿಟ್ಟಳು.

ಹತ್ತೊಂಬತ್ತು ಕೆಜಿ!

“ಮೊನ್ನಿ ಐತವಾರ ಎಷ್ಟು ಹೇಳಿದ್ರಿ?”

“...ಹನ್ನೊಂದು.”

“ಸುಳ್ಳು! ಮೂರು ತಿಂಗಳಿಂದ ಸುಳ್ಳು! ಆ ಸುಳ್ಳಿನ ಮ್ಯಾಲ ನಾ ತಿನಸ್ರಿ, ತಿನಸ್ರಿ ಅಂದೆ. ತೂಕ ಹೆಚ್ಚಾಗಿ ಎಳೀ ಕಾಲು ತಡೀಲಿಲ್ಲ. ಹೆಚ್ಚಿಗಿ ತಿಂದ್ರ ಹೊಟ್ಟಿ ಬೆಳೀತೈತಿ, ಎಲಬಲ್ಲ!”

“ಹೆಚ್ಚಾತು ಅನಸ್ತಿತ್ರಿ. ಆದ್ರ ನೀವು ಹೇಳಿದ್ರಿ ಅಂತ...”

“ಯಾಕ ಸುಳ್ಳು ಹೇಳಿದ್ರಿ?”

ಲಗಮಣ್ಣ ತಲೆ ಎತ್ತಲಿಲ್ಲ. “ತಪ್ಪಾತ್ರಿ.”

“ನನ್ನ ಕೂಡ ಮಾತಾಡಿದ್ದೆಲ್ಲಾ ಹಿಂಗನ ಏನು?”

ಪುಡಿ ನಿಲ್ಲಿಸಿ, ಊಟ ಅರ್ಧಕ್ಕಿಳಿಸಿ, ಮೆತ್ತನೆ ಮಣ್ಣಿನ ಮೇಲೆ ಮಾತ್ರ ಬಿಡಿ ಎಂದು ಚೀಟಿ ಬರೆದುಕೊಟ್ಟಳು.

“ಇನ್ನ ಫೋನ್ ಮಾಡಬ್ಯಾಡ್ರಿ.”

ಆ ಭಾನುವಾರ ಫೋನು ಬರಲಿಲ್ಲ. ತಾನೇ ಬೇಡವೆಂದವಳು ದಿನವಿಡೀ ಅದನ್ನೇ ನೋಡುತ್ತ ಕುಳಿತಳು. ಅವನು ಸುಳ್ಳು ಹೇಳಿದ, ಸರಿ... ನಾನೇನು ಮಾಡಿದೆ? ಒಮ್ಮೆಯೂ ಹೋಗಿ ಮರಿಯ ಮೈ ಮುಟ್ಟಿ ನೋಡಲಿಲ್ಲ. ಅವನ ದನಿ ಕೇಳುವ ಆಸೆಗೆ ಫೋನಿನಲ್ಲೇ ಚಿಕಿತ್ಸೆ ಮಾಡಿದೆ! ಈ ಯೋಚನೆ ಅವಳನ್ನು ಎರಡು ವಾರ ಸುಟ್ಟಿತು.

ಮೂರನೆಯ ವಾರ ತಾನೇ ಹಳ್ಳಿಗೆ ಹೊರಟಳು. ಮರಿ ನೋಡಲೆಂದು. ಬೇರೆ ಯಾವುದಕ್ಕೂ ಅಲ್ಲವೆಂದು ದಾರಿಯುದ್ದಕ್ಕೂ ತನಗೆ ತಾನೇ ಹೇಳಿಕೊಂಡಳು, ಪಾಪ.

ಅಂಗಳದಲ್ಲಿ ಲಗಮಣ್ಣನ ಅಜ್ಜಿ ಬಾಳವ್ವ ತಿಪ್ಪಿಯ ಮುಂದೆ ಉಪ್ಪು ಮೆಣಸಿನಕಾಯಿ ಹಿಡಿದು ಕೂತಿದ್ದಳು. ನಾಯಿಗೇ ದೃಷ್ಟಿ ತೆಗೆಯುವಾಗ ‘ನಾಯಿ ಕಣ್ಣು, ನರಿ ಕಣ್ಣು’ ಎನ್ನಬೇಕೋ ಬಿಡಬೇಕೋ ಎಂಬ ಗೊಂದಲದಲ್ಲಿದ್ದಂತಿತ್ತು.

“ನೀ ಯಾರ ಮಗಳವ್ವಾ?”

“ಡಾಕ್ಟರ್ ಅದೀನ್ರಿ. ದಾಕ್ಷಾಯಿಣಿ.”

ಅಜ್ಜಿ ಕಣ್ಣು ಕಿರಿದು ಮಾಡಿ ನೋಡಿದಳು. “ಅಯ್ಯ, ಲಕ್ಷಣಾಗಿ ಅದೀಯಲ್ಲ! ನಮ್ಮ ಲಗಮ ‘ಸೊಟ್ಟ ಮೂಗಿನಾಕಿ, ಮಹಾ ಸಿಡಕಿ, ಆಕೀ ಮಾತು ತಗದ್ರ ತಲಿ ಚಿಟ್ಟ ಹಿಡೀತೈತಿ’ ಅಂದಿದ್ನಲ್ಲ!”

ದಾಕ್ಷಾಯಿಣಿಗೆ ಮೈಯೆಲ್ಲ ಉರಿದುಹೋಯಿತು. ಓಹೋ! ಬೆನ್ನ ಹಿಂದೆ ಇಂಥ ಮಾತು! ಗರಕ್ಕನೆ ತಿರುಗಿ ಹೊರಟಳು.

“ನಿಂದ್ರ, ಸಿಟ್ಟಾಗಬ್ಯಾಡ,” ಅಜ್ಜಿ ಅವಳ ಸೆರಗು ಹಿಡಿದಳು. “ನಮ್ಮ ಮನಿ ಪದ್ಧತಿ ಹಂಗೈತಿ. ಹೋದ ವರ್ಷ ಒಂದು ಮರಿ ಇತ್ತು. ಇಷ್ಟು ತೂಗ್ತೈತಿ, ಹುಲಿ ಆಗೇತಿ ಅಂತ ಲಗಮ ಸಂತ್ಯಾಗೆಲ್ಲ ಹೇಳಿಕೋತ ತಿರಗ್ಯಾಡಿದ. ಮಂದಿ ಕಣ್ಣು ಬಿದ್ದು ಎಂಟು ದಿನದಾಗ ಸತ್ತು ಹೋತು. ಕೂಸಿನಂಗ ಅತ್ತಾನ. ಅವತ್ತ ನಾನ ಆಣಿ ಹಾಕಸೀನಿ. ಜೀವಕ್ಕ ಬೇಕಾದ್ದನ್ನ ಇದ್ದಂಗ ಹೇಳಬಾರದು, ಕಮ್ಮಿ ಮಾಡಿ ಹೇಳಬೇಕು. ಅದಕ ಇದಕ್ಕೂ ಕಸದ ಹೆಸರು, ತಿಪ್ಪಿ ಅಂತ ಇಟ್ಟಾನ. ನಿನ್ನ ಸುದ್ದಿ ಮಾತ್ರ ದಿನಾ ಬೈಕೋತ ಹೇಳ್ತಿದ್ದ. ಇಷ್ಟ್ಯಾಕ ಬೈತಾನ ಅಂತ ನನಗೂ ಅನುಮಾನ ಇತ್ತು.”

ದಾಕ್ಷಾಯಿಣಿ ನಿಂತಲ್ಲೇ ಕಲ್ಲಾದಳು. ಮೂರು ತಿಂಗಳ ಅಂಕಿಗಳೆಲ್ಲ ಕಣ್ಣ ಮುಂದೆ ಬಂದವು. ಅಷ್ಟು ಅಂಜಿಕೆಯಾ... ಅಷ್ಟು ಪ್ರೀತಿಯಾ! ಅಳು ತಡೆಯಲಾಗಲಿಲ್ಲ.

ಗಿರಣಿಯಿಂದ ಬಂದ ಲಗಮಣ್ಣ ಬಾಗಿಲಲ್ಲೇ ನಿಂತ. ಸೊರಗಿ ಹೋಗಿದ್ದ. ಅವಳು ಕಣ್ಣೊರೆಸಿಕೊಂಡು ತಿಪ್ಪಿಯ ಕಾಲು ಹಿಡಿದು ನೋಡಿದಳು.

“ಓಡತೈತ್ರೀ?” ಅವನು ಬಾಗಿಲಿಂದಲೇ ಕೇಳಿದ.

“ಎಡಗಾಲು ನೆಟ್ಟಗಾಗ್ತೈತಿ. ಬಲಗಾಲಾಗ ಸೊಟ್ಟ ಉಳೀತೈತಿ. ನಡೀತೈತಿ, ಆಡತೈತಿ. ಬೇಟಿ ನಾಯಿ ಓಟ ಮಾತ್ರ... ಇಲ್ಲ. ತಪ್ಪು ನಂದೂ ಐತಿ.”

ಅವನು ನೆಲಕ್ಕೆ ಕುಸಿದು ತಿಪ್ಪಿಯ ತಲೆ ತೊಡೆಯ ಮೇಲೆಳೆದುಕೊಂಡ. ದಾಕ್ಷಾಯಿಣಿ ಅದರ ಬಲಗಾಲನ್ನು ಮೆಲ್ಲಗೆ ನೀವಿದಳು.

“ಲಗಮಣ್ಣಾರ, ನನ್ನ ಮೂಗು ಸೊಟ್ಟ ಐತೇನು?”

ಅವನು ಗಾಬರಿಯಿಂದ ಅಜ್ಜಿಯತ್ತ ನೋಡಿದ.

“ಆಕೀನ್ನ ನೋಡಬ್ಯಾಡ್ರಿ. ನನಗ ಹೇಳ್ರಿ.”

“ಇದ್ದಂಗ ಹೇಳಿದ್ರ ಕಳಕೋತೀನಂತ ಅಂಜಿಕಿ ಬರ್ತೈತ್ರಿ.”

“ಹೇಳದಿದ್ರ ಇವತ್ತ ಕಳಕೋತೀರಿ.”

ಲಗಮಣ್ಣ ಎದ್ದು ನಿಂತ. ಓಣಿಗೆಲ್ಲ ಕೇಳುವಂತೆ ಹೇಳಿದ, “ನೀವಂದ್ರ ನನಗ ಜೀವ ರೀ! ಐತವಾರಕ್ಕಂತ ಆರು ದಿನ ಉಸಿರು ಹಿಡಿದು ಬದಕ್ತಿದ್ದೆ. ಇದರಾಗ ಒಂದು ಗುಂಜಿನೂ ಕಮ್ಮಿ ಮಾಡಿಲ್ಲ!”

ಬಾಳವ್ವ ಇನ್ನಷ್ಟು ಉಪ್ಪು ಹುಡುಕುತ್ತ ಒಳಗೋಡಿದಳು. ದಾಕ್ಷಾಯಿಣಿ ಅವನ ಕೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದುಕೊಂಡಳು.

“ದೃಷ್ಟಿ ಆದ್ರ...?” ಅವನು ಮೆಲ್ಲಗೆ ಕೇಳಿದ.

“ಆದ್ರ ಇಬ್ಬರಿಗೂ ಕೂಡಿ ಆಗ್ಲಿ ಬಿಡೋ.”