ಹಾಡಿನ ಪಾಲು

ನಮ್ಮ ಕಡೆ ಬಸ್ಸಿನಲ್ಲಿ ಬುತ್ತಿ ಬಿಚ್ಚಿದರೆ ಪಕ್ಕದವರಿಗೆ ಕೊಡದೆ ಯಾರೂ ತುತ್ತೆತ್ತುವುದಿಲ್ಲ. ಹಾಡಿಗೂ ಅದೇ ರಿವಾಜು ಎಂದು ನನಗೆ ಗೊತ್ತಾದದ್ದು ಹೋದ ವರ್ಷ, ಸಿಂದಗಿಯಿಂದ ಇಂಡಿಗೆ ಹೋಗುವ ಮಧ್ಯಾಹ್ನದ ಬಸ್ಸಿನಲ್ಲಿ.

ಎರಡೂ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಸಿನಿಮಾ ಹಾಡು ಕೇಳುತ್ತಿದ್ದೆ. ಪಕ್ಕದಲ್ಲಿದ್ದ ಇಳಕಲ್ ಸೀರೆಯ ಮುದುಕಿ ಮೊಣಕೈಯಿಂದ ತಿವಿದಳು.

"ಒಬ್ಬಾಕೀನ ಕೇಳ್ತೀಯೇನ ಯವ್ವಾ? ನನಗೊಂದೀಟ ಕೊಡಬಾರ್ದ?"

ನಾಚಿಕೆಯಾಗಿ ಒಂದನ್ನು ತೆಗೆದು ಅವಳ ಕಿವಿಗಿಟ್ಟೆ. ಆ ಸುಡುಬಿಸಿಲಿನಲ್ಲೂ ಅವಳ ಕಿವಿ ಹೊಸ ಗಡಿಗೆಯ ನೀರಿನಷ್ಟು ತಣ್ಣಗಿತ್ತು. ಅವಳು ಕಣ್ಣು ಮುಚ್ಚಿದಳು. ನನ್ನ ಕಿವಿಯಲ್ಲಿ ಸಿನಿಮಾ ಹಾಡು ನಿಂತು, ಬೀಸುವ ಕಲ್ಲು ಗರಗರ ತಿರುಗತೊಡಗಿತು. ಅದರ ಜೊತೆಗೆ ಹೆಣ್ಣುದನಿಯೊಂದು ಬೀಸುವ ಪದ ಎತ್ತಿಕೊಂಡಿತು. ಮುದುಕಿಯ ತುಟಿ ಮಾತ್ರ ಅಲುಗಲಿಲ್ಲ.

ಹಿಂದಿನ ಸೀಟಿನ ಹೆಂಗಸರು ಸೊಲ್ಲಿಗೆ ಸೊಲ್ಲು ಕೂಡಿಸಿದರು. ನನ್ನ ಕಿವಿಯೊಳಗಿನದು ಅವರಿಗೆ ಹೇಗೆ ಕೇಳಿತೋ! ಚಪ್ಪಾಳೆಯೇನು, ನಗುವೇನು, ಕಂಡಕ್ಟರ್ ಟಿಕೆಟ್ ಕೊಡುವುದನ್ನೇ ಮರೆತ. ನಾನೂ ಗಂಟಲು ಬಿಚ್ಚಿ ಹಾಡಿದೆ.

ಊರೇ ಇಲ್ಲದ ಒಂದು ಕಡೆ ಮುದುಕಿ ಇಳಿದಳು. ಹಾಡು ನಿಂತಿತು.

"ನಮ್ಮವ್ವನ ದನಿರೀ ಅದು," ಎಂದಳು ಹಿಂದೆ ಕೂತಿದ್ದ ನಮ್ಮೂರ ಇಂದ್ರಾಬಾಯಿ.

"ಏ, ನಮ್ಮವ್ವಂದ್ರೀ!" ಎಂದಳು ಇನ್ನೊಬ್ಬಳು.

ಇಂಡಿ ಬರುವ ತನಕ ಅದೇ ಜಗಳ, ನಗುನಗುತ್ತಲೇ. ಅವರು ಏನೇ ಅನ್ನಲಿ, ಎಂದೋ ತೀರಿಕೊಂಡ ನಮ್ಮವ್ವನ ದನಿ ನನಗೆ ಗೊತ್ತಿಲ್ಲವೇ?

ಮುದುಕಿ ಬಿಟ್ಟುಹೋದ ಇಯರ್‌ಫೋನಿನ ತುದಿಗೆ ಜೋಳದ ಹಿಟ್ಟು ಮೆತ್ತಿಕೊಂಡಿತ್ತು. ಮುಟ್ಟಿ ನೋಡಿದೆ. ಆಗಷ್ಟೇ ಬೀಸಿದ ಹಿಟ್ಟಿನಂತೆ ಬೆಚ್ಚಗಿತ್ತು.